ಗೊತ್ತಾಗದಿದ್ದರೆ ಡೀಫಾಲ್ಟ್

ಭಾವ ಫೋನು ಮಾಡಿದಾಗ ನಾನು ಹೊನ್ನಾಳಿಯ ಮನೆಯಲ್ಲಿ ಮೊರ ಮುಂದಿಟ್ಟುಕೊಂಡು ಅಕ್ಕಿ ಆರಿಸುತ್ತಿದ್ದೆ. ಬೆಳಗಿನ ಒಂಬತ್ತೂವರೆ. ಹತ್ತಕ್ಕೆ ಸರಿಯಾಗಿ ಕಂಪ್ಯೂಟರ್ ಮುಂದೆ ಕೂರುವುದು ನನ್ನ ಪದ್ಧತಿ. ಅಷ್ಟರೊಳಗೆ ಅಡಿಗೆ ಮುಗಿಯಬೇಕು.

"ಫೈಲು ಖಾಲಿ ಐತಮ್ಮಾ. ಒಂದ್ ಸಾಲೂ ಇಲ್ಲ."

ಭಾವ ಎಂದರೆ ಅಕ್ಕನ ಗಂಡ. ಜಗಳೂರಿನಲ್ಲಿ ಭೂಗರ್ಭಶಾಸ್ತ್ರ ಪಾಠ ಹೇಳಿ ನಿವೃತ್ತರಾದವರು. ಆ ವಾರ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯ ಕೋಣೆಯಲ್ಲಿ ಬಿಡಾರ ಮಾಡಿದ್ದರು. ಶಾಲೆಯ ಹಿಂದೆಯೇ ಊರಿನ ಕೊಳವೆಬಾವಿ. ಕಡುಬೇಸಿಗೆಯಲ್ಲಿ ಅದರ ನೀರು ಎಷ್ಟು ಕೆಳಗಿಳಿಯುತ್ತದೆ, ಪಂಪು ನಿಂತ ಮೇಲೆ ಎಷ್ಟು ಬೇಗ ಮೇಲೇರುತ್ತದೆ ಎಂದು ಎರಡು ದಿನ ಅಳೆಯಬೇಕಿತ್ತು. ಇನ್ನಷ್ಟು ನೀರೆತ್ತಿದರೂ ಬಾವಿ ತಡೆಯುತ್ತದೆ ಎಂದು ಗೊತ್ತಾದರೆ ಊರಾಚೆಯ ಓಣಿಗೂ ಅಲ್ಲಿಂದಲೇ ಪೈಪು ಎಳೆಯಲು ಪಂಚಾಯ್ತಿಯವರು ಒಪ್ಪಿದ್ದರು. ಆ ಓಣಿಯ ಹೆಂಗಸರು ಬೇಸಿಗೆಯಿಡೀ ಟ್ಯಾಂಕರಿಗೆ ಕಾಯುವವರು.

ಬಾವಿಗೆ ಇಳಿಬಿಟ್ಟ ಸೆನ್ಸರು ಹತ್ತು ನಿಮಿಷಕ್ಕೊಮ್ಮೆ ಮಟ್ಟ ಹೇಳುತ್ತಿತ್ತು. ಅದನ್ನು ಫೈಲಿಗೆ ಬರೆಯುವ ಪ್ರೋಗ್ರಾಮು ಭಾವನದೇ, ಹಳೆಯ ಕಂಪ್ಯೂಟರ್ ಭಾಷೆಯಾದ ಫೋರ್‌ಟ್ರಾನ್‌ನಲ್ಲಿ ಬರೆದದ್ದು. ಎರಡನೆಯ ದಿನ ಸಂಜೆ ಗಾಳಿ ಎದ್ದಿತು, ಕರೆಂಟು ಹೋಯಿತು, ಇನ್ವರ್ಟರಿನ ಬ್ಯಾಟರಿಯೂ ಕೈಕೊಟ್ಟು ಕಂಪ್ಯೂಟರು ಆರಿಹೋಯಿತು. ಹಿಂದೆಯೇ ಮಳೆ. ಬೆಳಗಾಗುವಷ್ಟರಲ್ಲಿ ಬಾವಿಯ ಪಕ್ಕದ ಗೋಕಟ್ಟೆಯಲ್ಲಿ ದನ ಇಳಿದು ಕುಡಿಯುವಷ್ಟು ನೀರು. ಇನ್ನು ಬೇಸಿಗೆಯ ಮಟ್ಟ ಸಿಗಬೇಕಾದರೆ ಮುಂದಿನ ಬೇಸಿಗೆಯೇ ಬರಬೇಕು.

"ಪರದೆ ಮೇಲೆ ಕಾಣ್ತಿತ್ತಲ್ಲ ಭಾವ?"

"ಕಾಣ್ತಿತ್ತು. ಅದನ್ನ ನೋಡ್ಕಂಡೇ ನೆಮ್ಮದಿಯಾಗಿದ್ದೆ."

"ಸಾಲು ಬಂದಂಗೆ ಬಂದಂಗೆ ಬರೀಬೇಕು ಅಂತ ಸೂಚನೆ ಇಟ್ಟಿದ್ರಾ?"

"ಇಟ್ಟಿದ್ನಲ್ಲ, ನೀನೇ ಹೇಳಿದ್ದು. ಆನ್ ಅಂತ ಬರ್ದೀನಿ."

ನನ್ನ ಕೈ ಮೊರದ ಮೇಲೆಯೇ ನಿಂತಿತು.

ನನ್ನ ಉದ್ಯೋಗ ಒಂದು ಫೋರ್‌ಟ್ರಾನ್ ಕಂಪೈಲರಿನ ರನ್‌ಟೈಮನ್ನು ನೋಡಿಕೊಳ್ಳುವುದು. ಕಂಪೈಲರು ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುತ್ತದೆ; ಆ ಪ್ರೋಗ್ರಾಮು ಓಡುವಾಗ ಅದರ ಪರವಾಗಿ ಓದು ಬರಹ ಮಾಡುವ ಭಾಗ ರನ್‌ಟೈಮು. ಶುರುವಾಗುವ ಮೊದಲು ಅದು ಹೊರಗೆ ತನಗಾಗಿ ಏನಾದರೂ ಸೂಚನೆ ಇಟ್ಟಿದ್ದಾರೆಯೇ ಎಂದು ನೋಡುತ್ತದೆ. ಎನ್ವಿರಾನ್‌ಮೆಂಟ್ ವೇರಿಯಬಲ್ ಎನ್ನುವುದು ಆ ಸೂಚನೆಗಳನ್ನೇ. ಸೂಚನೆ ಇಲ್ಲದಿದ್ದರೆ ತನ್ನ ರೂಢಿಯಂತೆ ನಡೆಯುತ್ತದೆ, ಅದು ಡೀಫಾಲ್ಟ್. ಫೈಲಿಗೆ ಬರೆಯುವಾಗ ಅದರ ರೂಢಿ, ಸಾಲುಗಳನ್ನು ನೆನಪಿನಲ್ಲಿ ಕೂಡಿಟ್ಟುಕೊಂಡು, ತುಂಬಿದ ಮೇಲೆ ಒಟ್ಟಿಗೆ ಡಿಸ್ಕಿಗೆ ಇಳಿಸುವುದು. ಹತ್ತು ನಿಮಿಷಕ್ಕೊಂದು ಸಾಲಾದರೆ ತುಂಬಲು ಎರಡು ದಿನ ಸಾಲದು. ಕರೆಂಟು ಹೋದರೆ ಎಲ್ಲವೂ ಹೋಯಿತು.

ಆ ಸೂಚನೆ ಓದುವ ಕೋಡು ನಾನೇ ವರ್ಷಗಳ ಹಿಂದೆ ಬರೆದದ್ದು. ಮೊದಲ ಅಕ್ಷರ ಇಂಗ್ಲಿಷಿನ ವೈ ಅಥವಾ ಅಂಕಿ ಒಂದು ಇದ್ದರೆ ಹೌದು. ಎನ್ ಅಥವಾ ಸೊನ್ನೆ ಇದ್ದರೆ ಇಲ್ಲ. ಬೇರೆ ಏನೇ ಇದ್ದರೂ ಸೂಚನೆಯೇ ಇಲ್ಲವೆಂದುಕೊಂಡು ಡೀಫಾಲ್ಟಿಗೆ ಹೋಗು, ಸದ್ದು ಮಾಡಬೇಡ. ಜನ ತಮ್ಮ ಪಾಡಿಗೆ ಕೆಲಸ ಮಾಡುವಾಗ ನಡುವೆ ಎಚ್ಚರಿಕೆಯ ಮಾತು ತೂರಿಸುವುದು ಒರಟುತನ ಎಂದು ಆಗ ಅನಿಸಿತ್ತು. ಆನ್, ಆಫ್ ಎಂದು ಬರೆದ ಮೋಟಾರಿನ ಸ್ಟಾರ್ಟರ್ ಡಬ್ಬಿ ನೋಡಿ ಬೆಳೆದವರು ಆನ್ ಎಂದೇ ಬರೆಯುತ್ತಾರೆ ಎನ್ನುವುದು, ಅಂಥ ಡಬ್ಬಿ ಹಿತ್ತಲಲ್ಲೇ ಇದ್ದ ನನಗೂ ಹೊಳೆದಿರಲಿಲ್ಲ.

ಫೋನಿನಲ್ಲಿ ಇದನ್ನು ಹೇಳಲಿಲ್ಲ. ಹೇಳಲಾಗಲಿಲ್ಲ ಎನ್ನುವುದೇ ಸರಿ. ಮರುದಿನ ರಜೆ ಹಾಕಿ, ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಆ ಊರಿಗೆ ಹೋದೆ.

ಭಾವ ಶಾಲೆಯ ಜಗಲಿಯಲ್ಲಿ ಸೆನ್ಸರಿನ ವೈರು ಸುತ್ತುತ್ತಿದ್ದರು. ಎರಡು ದಿನವೂ ಅವರಿಗೆ ರೊಟ್ಟಿ ತಂದುಕೊಟ್ಟಿದ್ದ ಆಚೆ ಓಣಿಯ ಹೆಂಗಸು ಖಾಲಿ ಕೊಡ ಕಂಕುಳಲ್ಲಿಟ್ಟು ನಿಂತಿದ್ದಳು.

"ಏನ್ರೀ ಮೇಷ್ಟ್ರೇ, ಬಾವಿ ಏನಂತು?"

"ಬಾವಿ ಹೇಳಿದ್ದನ್ನ ಮಿಷನ್ನು ಬರ್ಕಳ್ಳಿಲ್ಲ ಕಣವ್ವ. ನಂದೇ ತಪ್ಪು."

"ನಿಮ್ದಲ್ಲ ಭಾವ," ಎಂದೆ. "ನಂದು." ಆಮೇಲೆ ಎಲ್ಲವನ್ನೂ ಹೇಳಿದೆ.

ಅವಳು ನನ್ನ ಕಡೆ ತಿರುಗಿದಳು. "ಅಂದ್ರೆ ಅದಕ್ಕೆ ಇವ್ರ ಮಾತು ತಿಳೀಲಿಲ್ಲ?"

"ಇಲ್ಲಮ್ಮ."

"ತಿಳೀಲಿಲ್ಲ ಅಂತ ಬಾಯಿಬಿಟ್ಟು ಅನ್ನಬಾರ್ದಾಗಿತ್ತಾ?"

"ಅನ್ನಬೇಡ ಅಂತ ನಾನೇ ಬರೆದಿಟ್ಟಿದ್ದೆ."

"ಥೇಟು ನಮ್ಮ ಮನೆಯೋರು. ಪ್ಯಾಟೆಗೆ ಹೋಗೋವಾಗ ಏನ್ ಹೇಳಿದ್ರೂ ಹೂಂ ಅಂತಾರೆ, ಬರೋವಾಗ ದಿನಾ ತರೋ ಬದ್ನೆಕಾಯೇ ತರ್ತಾರೆ."

ಭಾವ ನಕ್ಕರು. ಅವಳು ನಗಲಿಲ್ಲ. "ಹಂಗಾದ್ರೆ ಬರೋ ಬ್ಯಾಸಿಗೀಗೂ ಟ್ಯಾಂಕರೇ ಅನ್ರಿ," ಎಂದು ಕೊಡ ಸರಿಮಾಡಿಕೊಂಡು ಹೋದಳು. ಬೈದಿದ್ದರೆ ವಾಸಿಯಿತ್ತು.

ಪಂಚಾಯ್ತಿಗೆ ಭಾವ ಬರೆದಿಟ್ಟಿದ್ದ ಪತ್ರ ಮೇಜಿನ ಮೇಲಿತ್ತು. 'ಕಾರಣಾಂತರಗಳಿಂದ ಅಳತೆ ಲಭ್ಯವಾಗಿಲ್ಲ' ಎಂದಿಷ್ಟೇ.

"ಇದನ್ನ ಹಿಂಗೇ ಕೊಡಬ್ಯಾಡ್ರಿ," ಎಂದೆ. "ಅಳತೆ ಇಲ್ಲ ಅಂದ್ರೆ ಬಾವಿ ಸೋತಿತು ಅಂತಲೇ ತಿಳ್ಕಂತಾರೆ."

"ರನ್‌ಟೈಮು, ಡೀಫಾಲ್ಟು ಅಂತ ಪಂಚಾಯ್ತೀಲಿ ಹೆಂಗಮ್ಮ ಹೇಳಾಕೆ ಆಗುತ್ತೆ?"

"ಅದು ಬ್ಯಾಡ. ಬಾವಿ ತಪ್ಪಲ್ಲ ಅನ್ನೋದು ಸಾಕು."

ಹೊಸ ಹಾಳೆಯಲ್ಲಿ ನಾನೇ ಬರೆದೆ. ಬಾವಿಯಲ್ಲಿ ದೋಷ ಕಂಡಿಲ್ಲ, ಅಳತೆ ದಾಖಲಾಗದೆ ಹೋದದ್ದು ಕಂಪ್ಯೂಟರಿನ ಕೆಲಸದಲ್ಲಿ ನನ್ನಿಂದಾದ ತಪ್ಪಿನಿಂದ, ದಯವಿಟ್ಟು ಮುಂದಿನ ಬೇಸಿಗೆಯವರೆಗೆ ಪೈಪಿನ ಕೆಲಸವನ್ನು ಕಾಮಗಾರಿಗಳ ಪಟ್ಟಿಯಿಂದ ತೆಗೆಯಬಾರದು. ಇಬ್ಬರೂ ಸಹಿ ಹಾಕಿದೆವು. ಪಟ್ಟಿಯಲ್ಲಿ ಉಳಿಸಿಕೊಂಡಿದ್ದಾರೆ ಎಂದು ತಿಂಗಳ ಮೇಲೆ ತಿಳಿಯಿತು.

ಊರಿಗೆ ಬಂದು, ಆನ್ ಎಂದರೂ ಅದಕ್ಕೆ ತಿಳಿಯುವಂತೆ ಕೋಡು ತಿದ್ದಿದೆ. ಆನ್, ಆಫ್ ಎರಡಕ್ಕೂ ಮೊದಲ ಅಕ್ಷರ ಒಂದೇ ಆದ್ದರಿಂದ ಪೂರ್ತಿ ಪದ ಓದಬೇಕಾಯಿತು. ಡೀಫಾಲ್ಟನ್ನು ಮುಟ್ಟಲಿಲ್ಲ, ಅದನ್ನು ನಂಬಿದ ಹಳೆಯ ಪ್ರೋಗ್ರಾಮುಗಳು ಎಷ್ಟೋ. ಆದರೆ ಸೂಚನೆ ಇದ್ದು ಅರ್ಥವಾಗದಿದ್ದರೆ, ಏನು ಅರ್ಥವಾಗಲಿಲ್ಲ, ಬದಲಿಗೆ ಏನು ಮಾಡುತ್ತಿದ್ದೇನೆ ಎಂದು ಶುರುವಿನಲ್ಲೇ ಒಂದು ಸಾಲು ಹೇಳುವಂತೆ ಮಾಡಿದೆ.

"ಇಷ್ಟು ವರ್ಷ ಯಾರೂ ದೂರಿಲ್ಲವಲ್ಲ ಮೇಡಂ?" ಎಂದು ತಪಾಸಣೆ ಮಾಡಿದ ಸಹೋದ್ಯೋಗಿ ಕೇಳಿದರು.

"ದೂರಬೇಕಾದರೆ ಅವರಿಗೆ ಗೊತ್ತಾಗಬೇಕಲ್ಲ," ಎಂದೆ. ಅವರು ಒಪ್ಪಿಗೆ ಹಾಕಿದರು.

ಈಗ ಶಿವರಾತ್ರಿ ಕಳೆದಿದೆ. ಭಾವ ವಾರಕ್ಕೊಮ್ಮೆ ಹೋಗಿ ಬಾವಿಯ ಮಟ್ಟ ನೋಡಿಕೊಂಡು ಬರುತ್ತಾರೆ, ಫೋನು ಮಾಡುತ್ತಾರೆ. ನೀರು ತಳ ಮುಟ್ಟುವಷ್ಟು ಇಳಿಯದೆ ಅಳತೆಗೆ ಅರ್ಥವಿಲ್ಲ. ಇಳಿಯಿತೇ ಎಂದು ಕೇಳಲು ನನಗೆ ಬಾಯಿ ಬರುವುದಿಲ್ಲ, ಅವರೇ ಹೇಳುತ್ತಾರೆ. ನಿನ್ನೆ ಹೇಳಿದರು: "ಇನ್ನೂ ಒಂದೂವರೆ ತಿಂಗಳು ಬೇಕಮ್ಮಾ. ಆ ಓಣಿಗೆ ಮಾತ್ರ ಸೋಮವಾರದಿಂದ್ಲೇ ಟ್ಯಾಂಕರ್ ಬರಾಕೆ ಶುರುವಾಗೈತೆ."