ನಮ್ಮ ಹಾಡಿಗೆ ಕಟಕೋಳದಲ್ಲಿ ಪಂಚಾಯ್ತಿ

ನನ್ನ ದನಿ ದೊಡ್ಡದು. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಬೈಲಹೊಂಗಲದಲ್ಲಿ ನಮ್ಮದು ಹಿಟ್ಟಿನ ಗಿರಣಿ. ಯಂತ್ರ ತಿರುಗುವಾಗ "ಈ ಚೀಲ ಯಾರದು?" ಎಂದು ಕೇಳಬೇಕಾದರೂ ಗಂಟಲು ಹರಿಯುವಂತೆ ಕೂಗಬೇಕು. ಅಪ್ಪ ಹಾಗೆ ಕೂಗುತ್ತಿದ್ದರು, ನಾನೂ ಹಾಗೇ ಕಲಿತೆ. ಶಾಲೆಯಲ್ಲಿ ಪ್ರಾರ್ಥನೆಗೆ ನನ್ನನ್ನು ಕೊನೆಯ ಸಾಲಿನಲ್ಲಿ ನಿಲ್ಲಿಸುತ್ತಿದ್ದರು. ಅಲ್ಲಿಂದಲೂ ನಾನೊಬ್ಬಳೇ ಕೇಳಿಸುತ್ತಿದ್ದೆನಂತೆ.

ಇಂಥ ದನಿಗೆ ರಾಕ್ ಬ್ಯಾಂಡ್ ಬಿಟ್ಟರೆ ಬೇರೆ ಗತಿ ಇರಲಿಲ್ಲ. ನಾವು ಮೂವರು. ಗಿಟಾರ್ ನುಡಿಸುವವ ಕಿತ್ತೂರಿನಲ್ಲಿ ಗಣಿತದ ಟ್ಯೂಷನ್ ಹೇಳುತ್ತಾನೆ. ಡ್ರಮ್ಸ್ ಬಾರಿಸುವವ ಸವದತ್ತಿಯಲ್ಲಿ ಅಂಗಡಿಗಳಿಗೆ ಬೋರ್ಡು ಬರೆದುಕೊಡುತ್ತಾನೆ. ಇಬ್ಬರೂ ನನಗಿಂತ ಚಿಕ್ಕವರು. ಬಾಯಿತುಂಬ ಅಕ್ಕಾ ಎನ್ನುತ್ತಾರೆ, ಎದುರು ಮಾತನ್ನೂ ಅಷ್ಟೇ ಸಲೀಸಾಗಿ ಆಡುತ್ತಾರೆ. ಹಾಡು ಬರೆಯುವವಳೂ ನಾನೇ, ಹಾಡುವವಳೂ ನಾನೇ. ಹಾಡುವುದು ಅಂದರೆ ಆಗ ಚೀರುವುದು. ಆರು ವರ್ಷ ಚೀರಿದೆ. ಸುತ್ತಲಿನ ನಾಲ್ಕು ತಾಲೂಕಿನ ಹುಡುಗರು ನಮಗೆ ಮುಗಿಬಿದ್ದರು. ಹೆಂಗಸೊಬ್ಬಳು ಹೀಗೆ ಚೀರಬಹುದು ಎನ್ನುವುದೇ ಅವರಿಗೆ ಸೋಜಿಗ. ನನಗೂ ಒಳಗೊಳಗೆ ಖುಷಿಯಿತ್ತು, ಇಲ್ಲ ಎಂದರೆ ಸುಳ್ಳಾಗುತ್ತದೆ.

ಅವರಲ್ಲಿ ಮೊದಲನೆಯವನು ಕಟಕೋಳದ ಒಬ್ಬ ರೈತ. ಇವನ ಬಗ್ಗೆ ಸ್ವಲ್ಪ ಹೇಳಲೇಬೇಕು. ನಮ್ಮ ಮೊಟ್ಟಮೊದಲ ಕಾರ್ಯಕ್ರಮಕ್ಕೆ ಕೇಳಲು ಬಂದವರು ಏಳೋ ಎಂಟೋ ಜನ. ಅವರಲ್ಲಿ ಕೊನೆಯವರೆಗೆ ಕೂತವನು ಇವನೊಬ್ಬನೇ. ಮುಗಿದ ಮೇಲೆ ಬಂದು, "ಅಕ್ಕಾರ, ನಿಮ್ಮ ಸ್ಪೀಕರ್ ಸಣ್ಣೂವು. ನನ್ನ ಟ್ರ್ಯಾಕ್ಟರ್ ಮ್ಯಾಲಿನೂ ತರತೇನಿ, ತಡೀರಿ," ಎಂದ. ನಮ್ಮ ಕಡೆ ಟ್ರ್ಯಾಕ್ಟರಿಗೆ ಎಷ್ಟು ದೊಡ್ಡ ಸ್ಪೀಕರ್ ಕಟ್ಟಿಸುತ್ತಾರೆ ಎನ್ನುವುದು ನೋಡಿದವರಿಗೇ ಗೊತ್ತು. ಅಂದಿನಿಂದ ನಮ್ಮ ಎಲ್ಲ ಕಾರ್ಯಕ್ರಮಕ್ಕೂ ಅವನವೇ ಸ್ಪೀಕರು. ಕಿತ್ತೂರಿನಲ್ಲಿ ಹಾಡಿದರೆ ಅಷ್ಟು ದೂರದಿಂದ ನಸುಕಿನಲ್ಲೇ ಹೊರಟು ಬರುತ್ತಿದ್ದ.

ನಾನು ಬದಲಾದದ್ದು ಕಿತ್ತೂರಿನಲ್ಲೇ. ಆರನೇ ವರ್ಷದ ಒಂದು ದಿನ ಅಲ್ಲಿ ಹಾಡಿ ಮುಗಿಸಿ ಬೆವರು ಒರೆಸಿಕೊಳ್ಳುತ್ತಿದ್ದಾಗ ಇವನೂ ಇನ್ನೂ ಕೆಲವರೂ ಸುತ್ತ ನೆರೆದಿದ್ದರು. ಹೊಗಳಿಸಿಕೊಳ್ಳುವ ಆಸೆಯಿಂದಲೇ ಕೇಳಿದೆ: "ಯಾವ ಹಾಡು ಛಲೋ ಅನಸ್ತು?"

"ಎರಡನೇದು ಅಕ್ಕಾರ," ಎಂದ ಇವನು, ಒಂದು ಕ್ಷಣವೂ ಯೋಚಿಸದೆ. "ಅದರಾಗ ಲೈಟ್ ಆರಿ ಹತ್ತತಾವಲ್ಲ, ಅದು."

ಉಳಿದವರೂ ಹೌದು ಹೌದೆಂದರು. ನಾನು ನಕ್ಕೆ. ಮನೆಗೆ ಬಂದ ಮೇಲೆ ನಗು ಬರಲಿಲ್ಲ. ಎರಡನೇ ಹಾಡು ನನ್ನ ಅವ್ವನ ಬಗ್ಗೆ ಬರೆದದ್ದು. ಗಿರಣಿಯ ಸದ್ದಿಗೆ ಕಿವಿ ಮಂದವಾಗಿ, ಕೊನೆಕೊನೆಗೆ ನನ್ನ ಬಾಯಿ ನೋಡಿಯೇ ಮಾತು ತಿಳಿದುಕೊಳ್ಳುತ್ತಿದ್ದಳಲ್ಲ, ಆ ಅವ್ವ. ಆರು ವರ್ಷ ಊರೂರು ತಿರುಗಿ ಅದನ್ನು ಹಾಡಿದ್ದೆ. ಅದರಲ್ಲಿ ಒಬ್ಬ ಅವ್ವ ಇದ್ದಾಳೆಂದು ಯಾರಿಗೂ ತಿಳಿದಿರಲಿಲ್ಲ. ಸಿಟ್ಟು ಬಂತು. ಅವರ ಮೇಲಲ್ಲ, ನನ್ನ ಮೇಲೆ. ಮಾತು ಬರೆದು ಅದರ ಮೇಲೆ ನಾನೇ ಗಿರಣಿ ಚಾಲೂ ಮಾಡಿಟ್ಟಿದ್ದೆನಲ್ಲ!

ನಿರ್ಧಾರ ಮಾಡಿದೆ. ಗಿಟಾರಿನ ಗದ್ದಲ ಇಳಿಸಬೇಕು, ಡ್ರಮ್ಸ್ ಅಲ್ಲೊಂದು ಇಲ್ಲೊಂದು ಪೆಟ್ಟು ಸಾಕು, ನಾನು ಎದುರು ಕೂತವರೊಡನೆ ಮಾತಾಡುವ ದನಿಯಲ್ಲಿ ಹಾಡಬೇಕು. ಹುಡುಗರಿಬ್ಬರೂ ಮೊದಲು ಗೊಣಗಿದರು, ಆಮೇಲೆ ಒಪ್ಪಿದರು. ಕಷ್ಟವಾದದ್ದು ನನಗೆ. ಚೀರುವುದು ಪುಕ್ಕಟೆ ಬಂದಿತ್ತು, ಮೆಲ್ಲಗೆ ಹಾಡುವುದನ್ನು ಕಲಿಯಬೇಕಾಯಿತು. ದಿನಾ ಮಧ್ಯಾಹ್ನ ಗಿರಣಿ ನಿಲ್ಲಿಸಿ, ಹಿಟ್ಟಿನ ದೂಳಿನಲ್ಲೇ ಕೂತು ಏಳು ತಿಂಗಳು ತಿದ್ದಿಕೊಂಡೆ. ಹಳೆಯ ಒಂದು ಹಾಡನ್ನೂ ಇಟ್ಟುಕೊಳ್ಳಲಿಲ್ಲ. ಎಲ್ಲ ಹೊಸವನ್ನೇ ಬರೆದೆ, ಅವ್ವನದನ್ನೂ.

ಹೊಸದನ್ನು ಮೊದಲು ಹಾಡಿದ್ದು ಸವದತ್ತಿಯಲ್ಲಿ. ಮೊದಲ ಹಾಡಿನ ಅರ್ಧಕ್ಕೆ ಒಬ್ಬ ಹುಡುಗ ವೇದಿಕೆ ಹತ್ತಿ, ನನ್ನ ಕೈಯಿಂದ ಮೈಕು ತೆಗೆದುಕೊಂಡು, ಅದರ ತಲೆಗೆ ಎರಡು ಬಾರಿ ಬಡಿದು, "ಹಲೋ, ಹಲೋ" ಎಂದು ನೋಡಿದ. ಮೈಕು ಸರಿ ಇತ್ತು. ಅವನು ಗೊಂದಲದಿಂದ ನನ್ನ ಮುಖ ನೋಡುತ್ತ ಅದನ್ನು ಮರಳಿ ಕೊಟ್ಟ. ಎರಡನೇ ಹಾಡಿಗೆ ಇನ್ನಿಬ್ಬರು ಸ್ಪೀಕರಿನ ವಯರು ಹಿಡಿದು ಜಗ್ಗಾಡಿದರು. ಮೂರನೆಯದಕ್ಕೆ ಎಲ್ಲರಿಗೂ ಅರ್ಥವಾಯಿತು, ಕೆಟ್ಟದ್ದು ಮೈಕಲ್ಲ, ನಾವು.

ಆ ಸಂಜೆ ಅಭಿಮಾನಿಗಳ ವಾಟ್ಸಾಪ್ ಗುಂಪಿನಲ್ಲಿ ಬಂದ ಮಾತುಗಳನ್ನು ಇಲ್ಲಿ ಪೂರ್ತಿ ಬರೆಯಲಾರೆ. "ಅಕ್ಕಾರಿಗೆ ಜ್ವರ ಬಂದಿದ್ದೂವೇನು?" ಎಂದು ಒಬ್ಬ. "ಭಜನಿ ಮ್ಯಾಳ ಮಾಡೀರಿ, ಇನ್ನ ತಾಳ ಒಂದ ಕಮ್ಮಿ ಐತಿ," ಎಂದು ಇನ್ನೊಬ್ಬ. ಒಬ್ಬ ಪುಣ್ಯಾತ್ಮ ಗಂಟಲಿಗೆ ಬೆಲ್ಲ, ಶುಂಠಿ ಹೇಳಿದ. "ಲಗ್ನ ಗೊತ್ತಾಗಿರಬೇಕು, ಅದಕ್ಕ ಮೆತ್ತಗ ಆಗ್ಯಾರ," ಎಂದು ಬರೆದವನಿಗೆ ಮಾತ್ರ ನಾನು ಫೋನು ಮಾಡಿ, ನನ್ನ ಹಳೆಯ ದನಿ ಎಲ್ಲಿಗೂ ಹೋಗಿಲ್ಲ ಎನ್ನುವುದನ್ನು ಚೆನ್ನಾಗಿ ಮನದಟ್ಟು ಮಾಡಿಕೊಟ್ಟೆ.

ಕಟಕೋಳದವನು ಏನೂ ಬರೆಯಲಿಲ್ಲ. ನಾಲ್ಕು ದಿನ ಬಿಟ್ಟು ಅವನದೇ ಫೋನು ಬಂತು. "ಅಕ್ಕಾರ, ಐತವಾರ ನಮ್ಮೂರಿಗೆ ಬರ್ರಿ. ಹಿರ್ಯಾರನ್ನ ಕೂಡಿಸೇನಿ."

"ಯಾತಕ್ಕೋ?"

"ಪಂಚಾಯ್ತಿಗೆ. ನಿಮ್ದೂ ನಮ್ದೂ ಬಗಿಹರೀಬೇಕಲ್ರಿ."

ನಾನು ತಮಾಷೆ ಅಂದುಕೊಂಡೆ. ತಮಾಷೆಯಲ್ಲ. ನಮ್ಮಲ್ಲಿ ಹೊಲದ ಬದುವಿಗೆ, ಅಣ್ಣತಮ್ಮಂದಿರ ಪಾಲಿಗೆ, ಮುರಿದ ಮಾತಿಗೆ ಹಿರಿಯರನ್ನು ಕೂಡಿಸುವುದು ಈಗಲೂ ಇದೆ. ಅವನ ಲೆಕ್ಕದಲ್ಲಿ ಇದೂ ಅಂಥದ್ದೇ ವ್ಯಾಜ್ಯ. ಮಾತು ಮುರಿದವಳು ನಾನು. ಹೋಗದಿದ್ದರೆ ತಪ್ಪೊಪ್ಪಿಕೊಂಡಂತೆ. ಹೋದೆವು.

ಗುಡಿಯ ಕಟ್ಟೆಯ ಮೇಲೆ ಮೂವರು ಹಿರಿಯರು, ಕೆಳಗೆ ಜಮಖಾನೆಯ ಮೇಲೆ ಮೂವತ್ತು ನಲವತ್ತು ಅಭಿಮಾನಿಗಳು. ನಮಗೆ ಮೊದಲು ಚಹಾ ಕೊಟ್ಟರು. ಆಮೇಲೆ ಕಟಕೋಳದವನು ಎದ್ದು ನಿಂತ. ಅವನು ಬೈಯುತ್ತಾನೆಂದು ನಾನು ಸಜ್ಜಾಗಿ ಕೂತಿದ್ದೆ. ಅವನು ಬೈಯಲಿಲ್ಲ.

"ಹಿರ್ಯಾರ, ನಾ ಒಕ್ಕಲುತನ ಮಾಡಾಂವ. ದಿನಾ ಟ್ರ್ಯಾಕ್ಟರ್ ಮ್ಯಾಲ ಇರತೇನಿ. ಆ ಎಂಜಿನ್ ಸಪ್ಪಳದಾಗ ಬ್ಯಾರೆ ಯಾರ ಹಾಡೂ ಕೇಳಸೂದಿಲ್ಲ. ಇವರ ಹಾಡ ಕೇಳಸ್ತಿತ್ತು. ಆರು ವರ್ಷ ಇವರ ಹಾಡ ಹಚ್ಚಿ ಹೊಲಾ ಹೊಡದೇನಿ. ಈಗಿನ ಹೊಸಾ ಹಾಡ ಹಚ್ಚಿದ್ರ ಬರೇ ಎಂಜಿನ್ನ ಕೇಳತೈತಿ. ನಮಗೊಂದ ಮಾತ ಹೇಳದ ಹಿಂಗ ಮಾಡಬಾರದಾಗಿತ್ತು."

ನನ್ನ ಹಾಡು ಹಾಕಿಕೊಂಡು ಒಬ್ಬ ಮನುಷ್ಯ ಆರು ವರ್ಷ ಹೊಲ ಉತ್ತಿದ್ದಾನೆ ಎನ್ನುವುದು ಸಣ್ಣ ಮಾತೇ? ಅವನು ನನ್ನ ತಮ್ಮನಾಗಿದ್ದರೆ ಎದ್ದುಹೋಗಿ ತಲೆ ಸವರುತ್ತಿದ್ದೆ. ಆದರೂ ಅವನಿಗಾಗಿ ಮತ್ತೆ ಚೀರುವ ಮನಸ್ಸು ನನಗೆ ಬರಲಿಲ್ಲ. ನನ್ನ ಸರದಿ ಬಂದಾಗ ಇದ್ದದ್ದನ್ನೇ ಹೇಳಿದೆ. ನಾನು ಬರೆದ ಮಾತು ಯಾರಿಗೂ ಕೇಳಿಸುತ್ತಿಲ್ಲ, ಅದು ಕೇಳಿಸಬೇಕು, ಅದಕ್ಕೆ ಹೀಗೆ ಮಾಡಿದೆ ಎಂದೆ.

ಗಿಟಾರಿನವನು ಆಗಲೇ ಪೆಟ್ಟಿಗೆ ಬಿಚ್ಚತೊಡಗಿದ್ದ. ನಡುವೆ ಕೂತಿದ್ದ ಹಿರಿಯರು ಕೈ ಎತ್ತಿ ತಡೆದರು.

"ಬಾರಸೂದು ಬ್ಯಾಡೋ ತಮ್ಮಾ. ಬದುವಿನ ಜಗಳಕ್ಕ ಬೆಳಿ ನೋಡೂದೇನೈತಿ? ಅರ್ಧ ಹಳೇದು, ಅರ್ಧ ಹೊಸಾದು. ಇಬ್ಬರಿಗೂ ಸಮ ಆತು. ಯವ್ವಾ, ನೀ ಏನಂತಿ?"

ಕೂತವರೆಲ್ಲ ಹಗುರಾದರು. ನನ್ನ ಹುಡುಗರ ಮುಖವೂ ಅರಳಿದ್ದನ್ನು ನೋಡಿದೆ. ಹಿರಿಯರ ಮಾತಿಗೆ ಹೂಂ ಎಂದು ಕೈಮುಗಿದು ಏಳುವುದು ಪದ್ಧತಿ. ನನಗೆ ಮಾತ್ರ ತಲೆಗೆ ರಕ್ತವೇರಿತು. ಚೀರಿದಾಗ ಯಾರೂ ಕೇಳಲಿಲ್ಲ, ಸರಿ, ಅದು ನನ್ನ ತಪ್ಪು. ಈಗ ಮೆಲ್ಲಗೆ ಹಾಡುತ್ತೇನೆಂದರೂ, ಒಂದು ಸಾಲು ಕೇಳದೆ ಅಳೆದು ಪಾಲು ಹಾಕುತ್ತಾರಲ್ಲ!

"ಇಲ್ರಿ," ಎಂದೆ. "ನಾ ಒಪ್ಪೂದಿಲ್ಲ."

ಏಳಲು ಸಜ್ಜಾಗಿದ್ದವರು ಮತ್ತೆ ಕೂತರು.

"ಮುಂದಿನ ತಿಂಗಳ ರಾಮದುರ್ಗದಾಗ ಹಾಡತೇನ್ರಿ. ಎಲ್ಲಾ ಹೊಸಾವ. ಬ್ಯಾಸರಾದವರು ಎದ್ದ ಹೋಗ್ಲಿ, ನಾ ಏನೂ ಅನ್ನಂಗಿಲ್ಲ. ಕಡೀಕ ಕೇಳೂವರು ಒಬ್ಬರೂ ಉಳೀಲಿಲ್ಲಂದ್ರ ಹಾಡೂದ ಬಿಡತೇನಿ. ಹಳೇದೂ ಇಲ್ಲ, ಹೊಸಾದೂ ಇಲ್ಲ. ಗಿರಣಿ ಐತಿ, ಹಿಟ್ಟ ಬೀಸತೇನಿ."

"ಹಟಮಾರಿ ಇದ್ದೀ ನೀ," ಎಂದರು ಹಿರಿಯರು. "ಆಗಲಿ."

ಮರಳುವ ಬಸ್ಸಿನಲ್ಲಿ ಡ್ರಮ್ಸಿನವನು ಸವದತ್ತಿ ಬರುವವರೆಗೂ ಮುಖ ತಿರುಗಿಸಿ ಕೂತಿದ್ದ. ಇಳಿಯುವಾಗ ಮಾತ್ರ, "ಅರ್ಧಕ್ಕ ಹೂಂ ಅಂದಿದ್ರ ನಿನ್ನ ಗಂಟೇನ ಹೋಗತಿತ್ತಕ್ಕಾ?" ಎಂದ.

ರಾಮದುರ್ಗದಲ್ಲಿ ಒಂದು ಕಲ್ಯಾಣಮಂಟಪ ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು. ಸ್ಪೀಕರಿಗೆ ಏನು ಮಾಡುವುದೆಂದು ಚಿಂತಿಸುತ್ತಿದ್ದಾಗಲೇ ಹೊರಗೆ ಟ್ರ್ಯಾಕ್ಟರು ಬಂದು ನಿಂತಿತು. ಕಟಕೋಳದವನು ಎರಡೂ ಸ್ಪೀಕರು ಇಳಿಸಿ ಜೋಡಿಸಿದ. ನಾನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದೆ. "ಜಗಳ ಬ್ಯಾರೆ, ಸ್ಪೀಕರ್ ಬ್ಯಾರೆ," ಎಂದು ಹೋಗಿ ಮೊದಲ ಸಾಲಿನಲ್ಲಿ ಕೈಕಟ್ಟಿಕೊಂಡು ಕೂತ.

ಮಂಟಪ ತುಂಬಿತ್ತು. ಕೇಳಲು ಬಂದವರಿಗಿಂತ ನಾನು ಸೋಲುವುದನ್ನು ನೋಡಲು ಬಂದವರೇ ಹೆಚ್ಚು. ಮೊದಲ ಹಾಡಿಗೆ ಸಿಳ್ಳೆ. ಎರಡನೆಯದಕ್ಕೆ "ಹಳೇದು! ಹಳೇದು!" ಎಂದು ಕುರ್ಚಿ ಬಡಿದರು. ಹಿಂದಿನ ಸಾಲುಗಳು ಎದ್ದುಹೋದವು. ಎದ್ದುಹೋಗುವವರ ಕುರ್ಚಿಯ ಸದ್ದು ಎಷ್ಟು ಕೆಟ್ಟದ್ದೆಂದು ಹಾಡುವವರಿಗಷ್ಟೇ ಗೊತ್ತು. ಒಮ್ಮೆ ದನಿ ತಾನಾಗಿ ಮೇಲೇರಲು ನೋಡಿತು. ಒಂದೇ ಒಂದು ಸಲ ಹಳೆಯ ಹಾಗೆ ಚೀರಿದ್ದರೆ ಸಾಕಿತ್ತು, ಹೊರಗೆ ಹೋದವರೆಲ್ಲ ಓಡಿ ಬರುತ್ತಿದ್ದರು. ಹಲ್ಲು ಕಚ್ಚಿ ಇನ್ನೂ ಮೆಲ್ಲಗೆ ಹಾಡಿದೆ. ಡ್ರಮ್ಸಿನವನು ನನ್ನನ್ನೊಮ್ಮೆ ನೋಡಿದ. ಅವನೂ ಪೆಟ್ಟು ಇನ್ನಷ್ಟು ಇಳಿಸಿದ. ಅದೊಂದಕ್ಕೆ ಅವನಿಗೆ ನಾನು ಆಯುಷ್ಯವೆಲ್ಲ ಋಣಿ.

ಎಂಟು ಹಾಡು ಮುಗಿದಾಗ ಮಂಟಪದಲ್ಲಿ ಹನ್ನೊಂದು ಜನ ಉಳಿದಿದ್ದರು. ಅವರಲ್ಲಿ ಇಬ್ಬರು ಮಂಟಪದ ಕೆಲಸದವರು. ಚಪ್ಪಾಳೆ ಬಿತ್ತೋ ಇಲ್ಲವೋ ನೆನಪಿಲ್ಲ. ಅಲ್ಲೇ ವೇದಿಕೆಯ ಅಂಚಿಗೆ ಕೂತೆ.

ಕಟಕೋಳದವನು ಎದ್ದು ಬಂದ. ಒಳ್ಳೆಯ ಮಾತು ಹೇಳುತ್ತಾನೆಂದು ನಾನು ಕಾದೆ, ಅದನ್ನೂ ಮುಚ್ಚಿಡುವುದಿಲ್ಲ.

"ಮೂರನೇ ಹಾಡ ಸುಳ್ಳೈತ್ರಿ ಅಕ್ಕಾರ," ಎಂದ.

"ಏನಂದಿ?"

"ಬಿಳಿಜೋಳ ಬಿತ್ತಿದ ಮರುದಿನ ಮಳಿ ಬಂತು, ಹೊಲಾ ನಕ್ಕಿತು ಅಂತೀರಲ್ಲ. ಸುಳ್ಳದು. ಬಿತ್ತಿದ ಮರುದಿನ ಮಳಿ ಹೊಡದ್ರ ನಮ್ಮ ಕರೀ ಯರಿ ನೆಲದಾಗ ಮ್ಯಾಲ ಪದರ ಬಿಗದ ಬಿಡತೈತಿ. ಮೊಳಕಿ ಒಡದ ಮ್ಯಾಲ ಬರಾಕ ಆಗೂದಿಲ್ಲ, ಒಳಗ ಸಾಯತೈತಿ. ಮತ್ತ ಬಿತ್ತಬೇಕು. ಯಾವ ಹೊಲಾ ನಗತೈತ್ರಿ? ಒಕ್ಕಲಿಗ ಅಳತಾನ ಅವತ್ತ." ಅವನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. "ಐದನೇದರಾಗ ನಿಮ್ಮ ಅವ್ವನ ಸುದ್ದಿ ಖರೇ ಐತಿ. ಮೂರನೇದ ಸುಳ್ಳ. ತಿಳೀದಿದ್ರ ಕೇಳಬೇಕ ಬ್ಯಾಡ್ರಿ?"

ನನಗೆ ಗೊತ್ತಿರುವುದು ಚೀಲದಲ್ಲಿ ಬಂದ ಜೋಳ. ನೆಲದೊಳಗಿನ ಜೋಳ ಅವನಿಗೆ ಗೊತ್ತು. ಅಷ್ಟು ವರ್ಷದಲ್ಲಿ ಒಬ್ಬರಾದರೂ ನನ್ನ ಒಂದು ಸಾಲು ತಪ್ಪೆಂದು ಹೇಳಿದ್ದಿಲ್ಲ. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ. ಅವನು ಗಾಬರಿಯಾಗಿ, "ಬೈದಿಲ್ರಿ ಅಕ್ಕಾರ, ಇದ್ದದ್ದ ಹೇಳಿದೆ," ಎಂದ.

ಪಕ್ಕದಲ್ಲಿ ಜಾಗ ಮಾಡಿಕೊಟ್ಟೆ. "ಕುಂದರೋ ತಮ್ಮಾ," ಎಂದೆ. "ಮಳಿ ಯಾವಾಗ ಬರಬೇಕು, ಸರಿಯಾಗಿ ಹೇಳು. ಬರಕೋತೇನಿ."