ಕೆಮ್ಮಣ್ಣು ಬಳಿದ ಗೋಡೆ

ಸರ್ವೆ ಅನ್ನುವ ಮಾತು ಕಿವಿಗೆ ಬಿದ್ದರೆ ಸಾಕು, ನನಗೆ ಈಗಲೂ ಮೈ ಉರಿಯುತ್ತದೆ. ನಾನು ಆಶಾ ಕಾರ್ಯಕರ್ತೆ. ಮಳವಳ್ಳಿ ತಾಲ್ಲೂಕಿನಲ್ಲಿ, ಕಾಡಿನ ಅಂಚಿಗಿರುವ ಇರುಳಿಗರ ಕಾಲೋನಿಯ ಬಸುರಿ ಬಾಣಂತಿಯರೆಲ್ಲ ನನ್ನ ಪಾಲಿಗೆ. ಅಲ್ಲಿಗೆ ಬರುವ ಸಾಹೇಬರುಗಳಿಗೆ ದಾರಿ ತೋರಿಸುವ ಕರ್ಮವೂ ನನ್ನದೇ.

ಕಾಲೋನಿಯ ಮೊದಲ ಮನೆ ಹೊಂಬಾಳಮ್ಮನದು. ಹುಟ್ಟಿದ್ದು ಕಾಡೊಳಗೆ, ಜೇನು, ಗೆಡ್ಡೆ ಗೆಣಸು ಅಂತ ಬೆಳೆದವಳು. ಸರ್ಕಾರದವರು ಅಲ್ಲಿಂದ ಎಬ್ಬಿಸಿ ಈ ದಿಬ್ಬದ ಮೇಲೆ ಒಂದು ಕೋಣೆಯ ಮನೆ ಕಟ್ಟಿಸಿಕೊಟ್ಟರು. ಗಂಡ ತೀರಿಕೊಂಡ ಮೇಲೆ ದುದ್ದದ ಕಡೆ ಕಬ್ಬು ಕಡಿಯಲು ಹೋಗಿ ಒಬ್ಬನೇ ಮಗ ಪುಟ್ಟಮಾದಯ್ಯನನ್ನು ಸಾಕಿದಳು. ಅವನೀಗ ಗೆಜ್ಜಲಗೆರೆಯ ಫ್ಯಾಕ್ಟರಿಯೊಂದರಲ್ಲಿ ಲೋಡು ಹೊರುತ್ತಾನೆ, ಭಾನುವಾರ ಬಂದು ಹೋಗುತ್ತಾನೆ. ಅವನ ಹೆಂಡತಿ ರೂಪ ಆಗ ತುಂಬು ಬಸುರಿ.

ಆ ಮನೆಯ ಹಿಂದಿನ ಗೋಡೆ ಬಾಯಿ ಬಿಟ್ಟಿತ್ತು. ಬಿರುಕಿನೊಳಗೆ ನನ್ನ ಕೈ ತೂರುತ್ತಿತ್ತು. ರೂಪ ಮಲಗುವುದು ಅದೇ ಗೋಡೆಯ ಬುಡದಲ್ಲಿ.

“ಕೂಸು ಬರೋದ್ರೊಳಗೆ ಅದೊಂದು ಗೋಡೆ ಆಗ್ಬುಟ್ರೆ ಸಾಕು ಕಣಮ್ಮ” ಅಂತ ಹೊಂಬಾಳಮ್ಮ ಸಿಕ್ಕಾಗಲೆಲ್ಲ ಹೇಳುತ್ತಿದ್ದಳು. ಹಾಗಾಗಿ ಕಾಡುಜನರ ಮನೆಗಳ ಸ್ಥಿತಿಗತಿ ಅಳೆಯಲು ಮಂಡ್ಯದಿಂದ ಸರ್ವೆಯವರು ಬರುತ್ತಾರೆಂದು ಗೊತ್ತಾದಾಗ ಓಡಿಹೋಗಿ ಸುದ್ದಿ ಮುಟ್ಟಿಸಿದವಳೇ ನಾನು. ಕೆಟ್ಟ ಮನೆ ಅಂತ ದಾಖಲಾದರೆ ರಿಪೇರಿ ಸಿಗುತ್ತದೆ ಅಂತಲೂ ಹೇಳಿದೆ.

ಸರ್ವೆಯ ರಘುನಂದನ್ ಎಂಬ ಹುಡುಗನನ್ನು ಕರೆದುಕೊಂಡು ಹೋಗಿ ನೋಡಿದರೆ, ಮನೆ ಪಳಪಳ ಅನ್ನುತ್ತಿದೆ! ಬಿರುಕಿಗೆ ಮಣ್ಣು ಮೆತ್ತಿ, ಮೇಲೆ ಕೆಮ್ಮಣ್ಣು ಬಳಿದು, ಅಂಚಿಗೆ ಸುಣ್ಣದ ಗೆರೆ ಬೇರೆ ಎಳೆದಿದ್ದಾಳೆ. ಹೊಂಬಾಳಮ್ಮನ ಕೈ ಅಂದರೆ ಕಾಲೋನಿಗೆಲ್ಲ ಹೆಸರುವಾಸಿ; ಬಿರುಕು ಎಲ್ಲಿತ್ತೆಂದು ನನಗೇ ತಿಳಿಯಲಿಲ್ಲ.

“ಏನ್ ಮಾಡಿಟ್ಟಿದ್ದೀಯ ಮಾರಾಯ್ತಿ!” ಎಂದೆ.

“ಒಸಬ್ರು ಒಸ್ಲು ತುಳಿಯಾ ಮುಂಚೆ ಗೋಡೆ ಬಳೀದೆ ಇದ್ದದ್ದು ನಮ್ಮಲ್ಲಿ ಉಂಟಾ?”

“ಕೆರೆದು ಹಾಕು, ಈಗಲೇ.”

ಅವಳಿಗೆ ಕೆಂಡದಂಥ ಕೋಪ ಬಂತು. “ನಿಮ್ಮಟ್ಟಿಗೆ ನೆಂಟ್ರು ಬಂದ್ರೆ ನೀನು ಅರ್ದೋದ ಸೀಲೆ ಉಟ್ಕಂಡ್ ನಿಂತ್ಕತೀಯೇನವ್ವ ವೀಣಮ್ಮ?”

ಅಷ್ಟರಲ್ಲಿ ರಘುನಂದನ್ ಮೊಬೈಲಿನಲ್ಲಿ ಫೋಟೋ ತೆಗೆದಾಗಿತ್ತು. ಬಿರುಕಿನ ವಿಷಯ ಹೇಳಿದೆ. “ಫೋಟೋದಲ್ಲಿ ಕಾಣ್ತಿಲ್ಲವಲ್ಲ ಮೇಡಂ” ಅಂದ. ತಟ್ಟಿ ನೋಡಿ ಸರ್, ಒಳಗೆ ಟೊಳ್ಳು ಅಂದೆ. “ತಟ್ಟಿ ನೋಡೋಕೆ ಆ್ಯಪ್‌ನಲ್ಲಿ ಅವಕಾಶ ಇಲ್ಲ.” ಥೂ, ಅದೇನು ಹೆಮ್ಮೆಯಿಂದ ಹೇಳಿದನೋ!

ಆಮೇಲೆ ನಲ್ಲಿ. ತಿರುಗಿಸಿದರೆ ಬುಸ್ ಅಂತ ಗಾಳಿ ಬಂತು. ‘ನಲ್ಲಿ: ಇದೆ’ ಅಂತ ಮೊಬೈಲಿನಲ್ಲಿ ಒತ್ತಿದ. ಆಮೇಲೆ ಮನೆ ಹಿಂದಿನ ಕಕ್ಕಸು. ಯಾವನೋ ಕಂಟ್ರಾಕ್ಟರು ನಾಲ್ಕು ಸಿಮೆಂಟಿನ ಗೋಡೆ ಎಬ್ಬಿಸಿ, ತಗಡು ಹೊದಿಸಿ, ಒಳಗೆ ಬೇಸಿನ್ನು ಕೂರಿಸಿ, ಗುಂಡಿಯನ್ನೇ ತೋಡದೆ ಬಿಲ್ಲು ಎತ್ತಿದ್ದ. ಕಟ್ಟಿದಾಗಿನಿಂದ ಸೌದೆ ತುಂಬಲಷ್ಟೇ ಬಳಕೆ. ಗುಂಡಿಯೇ ಇಲ್ಲ ಅಂದರೆ, “ಗುಂಡಿ ಕೇಳಿಲ್ಲ ಮೇಡಂ, ಶೌಚಾಲಯ ಕೇಳಿದಾರೆ” ಅಂತ ‘ಇದೆ’ ಒತ್ತಿದ. ಹೊಂಬಾಳಮ್ಮ ಕೊಟ್ಟ ಬೆಲ್ಲದ ಕಾಫಿಯನ್ನು ಮೂಸಿ ನೋಡಿ, ನನಗೆ ಅಸಿಡಿಟಿ ಅಂತ ಜಗಲಿಯ ಮೇಲಿಟ್ಟ. ಅದರಲ್ಲಿ ನೊಣ ಬಿತ್ತು.

ಆಗ ಅವಳಿಗೆ ಹೊಳೆಯಿತೋ ಏನೋ. ಕಬ್ಬಿನ ಕತ್ತಿ ತಂದು ತಾನೇ ಬಳಿದ ಗೋಡೆಯನ್ನು ಬರಬರ ಕೆರೆದಳು. ಮಣ್ಣು ಉದುರಿ ಬಿರುಕಿನಿಂದ ಬೆಳಕು ಒಳಗೆ ಬಂತು.

“ನೋಡಿ ಸಾಮಿ, ಈಗ ಕಾಣ್ತದಾ?”

“ಕಳಿಸಿ ಆಯ್ತಲ್ಲಮ್ಮ. ಅಲ್ಲದೆ ಈಗ ನೀವೇ ಒಡೆದ ಹಾಗಾಯ್ತು.” ಬೂಟಿಗೆ ಸಿಡಿದ ಕೆಮ್ಮಣ್ಣನ್ನು ಹೊಸಿಲಿಗೇ ಒರೆಸಿ ಹೊರಟುಹೋದ. ಅವನನ್ನು ಬೈಕಿನಿಂದ ಎಳೆದು ಬಡಿಯಬೇಕೆನಿಸಿತು.

ರೂಪ ಹೆರಿಗೆಗೆ ಮಳವಳ್ಳಿ ಆಸ್ಪತ್ರೆ ಸೇರಿದ ಸಂಜೆಯೇ ಮಳೆ ಹುಯ್ದು ಆ ಗೋಡೆ ಕುಸಿಯಿತು. ಅರ್ಧ ಸೂರು ಅದರ ಹಿಂದೆಯೇ ಬಂತು. ಪುಣ್ಯಕ್ಕೆ ಅತ್ತೆಯೂ ಸೊಸೆಯ ಜೊತೆಗಿದ್ದಳು. ನಾನು ರಘುನಂದನನಿಗೆ ಫೋನು ಮಾಡಿದೆ.

“ಓ, ಆ ಕೆಂಪು ಮನೆನಾ? ಸುಸ್ಥಿತಿ ಅಂತಿದೆ ಮೇಡಂ ನಮ್ಮಲ್ಲಿ. ಬಿದ್ದಿರೋಕೆ ಚಾನ್ಸೇ ಇಲ್ಲ.”

ಬಾಯಿಗೆ ಬಂದದ್ದೆಲ್ಲ ಬೈದು ಫೋನು ಇಟ್ಟೆ. ಪಂಚಾಯಿತಿಗೆ ಹೋದರೆ ಅಲ್ಲಿಯೂ ಅದೇ ಸುಸ್ಥಿತಿಯ ಹಾಡು. ಮನುಷ್ಯರೇನ್ರೀ ಇವರು?

ಆಸ್ಪತ್ರೆಯಿಂದ ಬಿಟ್ಟ ಮೇಲೆ ಕೂಸಿನ ತೂಕ ನೋಡಲು ಹೋದೆ. ಬಿದ್ದ ಮನೆಯಲ್ಲಿ ಯಾರೂ ಇರಲಿಲ್ಲ. ಹಿಂದುಗಡೆ ಹೊಂಬಾಳಮ್ಮ ಮೊಣಕೈವರೆಗೂ ಕೆಂಪಾಗಿ ನಿಂತಿದ್ದಳು.

“ಎಲ್ಲಿ ಬಾಣಂತಿ?”

ಅವಳು ಕಕ್ಕಸಿನ ಕಡೆ ಕೈ ತೋರಿಸಿದಳು. ಸೌದೆಯೆಲ್ಲ ಹೊರಗೆ ಬಿದ್ದಿತ್ತು. ಬೇಸಿನ್ನಿನ ಮೇಲೆ ಚಪ್ಪಡಿ ಮುಚ್ಚಿ ಕಂಬಳಿ ಹಾಸಿದ್ದರು. ರೂಪ ಗೋಡೆಗೊರಗಿ ಕೂತಿದ್ದಳು. ಕಾಲು ಚಾಚಲು ಜಾಗವಿಲ್ಲದೆ ಪಾದಗಳು ಬಾಗಿಲಿನಿಂದ ಆಚೆಗಿದ್ದವು. ತೊಡೆಯ ಮೇಲೆ ಹೆಣ್ಣು ಕೂಸು ನಿದ್ದೆ ಹೋಗಿತ್ತು. ನಾಲ್ಕೂ ಗೋಡೆಗೆ ಹಸಿ ಕೆಮ್ಮಣ್ಣು ಬಳಿದಿತ್ತು, ಅಂಚಿಗೆ ಸುಣ್ಣದ ಗೆರೆಯೂ ಇತ್ತು.

ನನಗೆ ವಾಂತಿ ಬಂದಂತಾಗಿ ಸೆರಗು ಬಾಯಿಗೊತ್ತಿಕೊಂಡೆ. ಅದನ್ನು ನೋಡಿ ಹೊಂಬಾಳಮ್ಮ ಮುಖ ಚಿಕ್ಕದು ಮಾಡಿಕೊಂಡಳು.

“ವಾಸ್ನೆ ಇಲ್ಲ ಕಣಮ್ಮ, ಯಾರೂ ಓಗಿಲ್ಲ ಅದ್ರೊಳಕ್ಕೆ” ಅಂದಳು. “ಒಸ ಜೀವ ಬತ್ತದಲ್ಲ, ಅದ್ಕೇ ಬಳ್ದೆ. ಬಾ, ಒಳಕ್ಕೆ ಬಾ.”