ಉಪ್ಪು ತೋರಿಸಿದ ಜಾಗ

ಹೋದ ವರ್ಷ ಎಳ್ಳಮಾವಾಸ್ಯೆ ಮುಗಿದ ಮರುವಾರ. ಪುಣೆಯ ಕಾಲೇಜೊಂದರ ಮೇಡಂ ಒಬ್ಬರು ತಮ್ಮ ತಂಡ ಕಟ್ಟಿಕೊಂಡು ನಮ್ಮ ಮನೆಗೆ ಬಂದರು. ನಾವು ಮೂಲತಃ ವಿಜಯಪುರದ ಕಡೆಯವರು. ಮಾವ ಹರೆಯದಲ್ಲಿ ಕಲ್ಲಿನ ಖಣಿ ಕೆಲಸಕ್ಕೆಂದು ಈ ಕಡೆ ಬಂದವರು, ಕಾತ್ರಜ ಘಾಟ್ ದಾಟಿದ ಮೇಲೆ ಸಿಗುವ ಹಳ್ಳಿಯಲ್ಲಿ ತುಸು ಹೊಲ ಮಾಡಿದ್ದರು. ನಮ್ಮ ಯಜಮಾನರು ಪಿಂಪ್ರಿಯ ಕಾರ್ಖಾನೆಗೆ ಹೋಗುತ್ತಾರೆ. ಮನೆ, ಹೊಲ ಎರಡನ್ನೂ ನೋಡಿಕೊಳ್ಳುವವರು ಅತ್ತೆ ಮತ್ತು ನಾನು.

ಹೊಲ ಉಳುವಾಗ ಹಳೇ ಇಟ್ಟಿಗೆ, ಮಡಕೆ ಚೂರು ಮೇಲೆ ಬರುತ್ತಿದ್ದವು. ಅದು ಕಿವಿಗೆ ಬಿದ್ದು ಮೇಡಂ ಬಂದಿದ್ದರು. ನೆಲದೊಳಗೆ ಹಳೇ ಊರೇನಾದರೂ ಹುದುಗಿದೆಯೇ ಎಂದು ಯಂತ್ರ ಇಟ್ಟು ನೋಡುತ್ತೇವೆ ಎಂದರು. ಅತ್ತೆ ಸುತಾರಾಂ ಒಪ್ಪಲಿಲ್ಲ.

ಅದಕ್ಕೆ ಕಾರಣವಿತ್ತು. ಮಾವ ತೀರಿಕೊಂಡಾಗ ನಮ್ಮ ಲಿಂಗಾಯತರ ಪದ್ಧತಿಯಂತೆ ಕೆಳಗಿನ ಹೊಲದಲ್ಲೇ ಅವರನ್ನು ಮಣ್ಣು ಮಾಡಿ, ಗುರುತಿಗೆ ಒಂದು ಕಲ್ಲು ನೆಟ್ಟಿದ್ದೆವು. ಮುಂದೆ ಒಂದು ಮಳೆಗಾಲ ಹಳ್ಳ ಉಕ್ಕಿ ಬಂದು ಆ ಕಲ್ಲು ಕೊಚ್ಚಿಹೋಯಿತು, ಹೊಲವೆಲ್ಲ ಹೂಳು ತುಂಬಿ ಸಪಾಟಾಯಿತು. ಬೇವಿನ ಗಿಡದ ಬುಡದಲ್ಲೇ ಎಂದು ಯಜಮಾನರು, ಅಲ್ಲ, ಇನ್ನೂ ಈಚೆಗೆ ಎಂದು ಅತ್ತೆ. ಯಾರಿಗೂ ಖಾತ್ರಿಯಿಲ್ಲ. ಅವರ ತಲೆಯ ಮೇಲೆ ಟ್ರ್ಯಾಕ್ಟರ್ ಹಾಯಬಾರದೆಂದು ಅತ್ತೆ ಆ ಹೊಲವನ್ನೇ ಬೀಳು ಬಿಟ್ಟಿದ್ದರು. ಈಗ ಈ ಜನ ಬಂದು ಅಗೆದು ಅವರನ್ನು ಮೇಲೆತ್ತಿದರೆ ಎಂಬುದೇ ಅವರ ಭಯ.

ಅತ್ತೆಗೆ ಮರಾಠಿ ಬರುತ್ತದೆ, ಸಿಟ್ಟು ಬಂದಾಗ ಮಾತ್ರ ಬರುವುದಿಲ್ಲ. ಹಾಗಾಗಿ ಮೇಡಂ ಹೇಳಿದ್ದನ್ನು ನಾನೇ ಕನ್ನಡದಲ್ಲಿ ಹೇಳಿದೆ. ಈ ಸಲ ಅಗೆಯುವುದಿಲ್ಲ, ಗುದ್ದಲಿಯನ್ನೇ ತಂದಿಲ್ಲ, ಬೇಕಾದರೆ ಗಾಡಿ ನೋಡಿ ಅಂದಿದ್ದರು. ಅತ್ತೆ ಎದ್ದು ಹೋಗಿ ಗಾಡಿಯೊಳಗೆ ಇಣುಕಿ ನೋಡಿಯೇ ಬಂದರು. ಆಮೇಲೆ ಹೂಂ ಅಂದರು.

ಹೊಲದಲ್ಲಿ ಹಗ್ಗ ಎಳೆದು ಚೌಕ ಚೌಕ ಮಾಡಿದರು. ಎರಡು ಮೊನಚು ಕಾಲಿನ ಒಂದು ಚೌಕಟ್ಟನ್ನು ಹೆಜ್ಜೆಗೊಮ್ಮೆ ನೆಲಕ್ಕೆ ಊರುತ್ತ ನಡೆದರು. ಮಣ್ಣಿನೊಳಗೆ ಚೂರು ಕರೆಂಟು ಬಿಟ್ಟು ನೋಡುವುದಂತೆ. ಕಲ್ಲಿನ ಗೋಡೆ ಇದ್ದಲ್ಲಿ ಅದು ಸಲೀಸಾಗಿ ಹಾಯುವುದಿಲ್ಲ, ಹಿಂದೆಂದೋ ತೋಡಿ ಮುಚ್ಚಿದ ಹಸಿ ಮಣ್ಣಿದ್ದರೆ ಹಾಯುತ್ತದೆ. ನಾನು ಚಹಾ ಒಯ್ದಾಗ ಬದುವಿನ ಮೇಲೆ ಕೂತಿದ್ದ ಅತ್ತೆ, "ಹೊಲಕ್ಕೇನು ಜ್ವರ ಬಂದದೇನ್ರಿ, ಹಿಂಗ ಸೂಜಿ ಚುಚ್ಚಾಕತ್ತೀರಿ?" ಎಂದು ಕೆಣಕಿದರು. ನಾನು ಅರ್ಥ ಹೇಳಿದ ಮೇಲೆ ಮೇಡಂ ನಕ್ಕಿದ್ದೇ ನಕ್ಕಿದ್ದು.

ಮರುದಿನ ಸಂಜೆ ಮೇಡಂ ನಮ್ಮನ್ನು ಕರೆದು ಲ್ಯಾಪ್‌ಟಾಪ್ ತೋರಿಸಿದರು. ಮೇಲಿನ ಹೊಲದಲ್ಲಿ ಗೆರೆ ಎಳೆದ ಹಾಗೆ ಹಳೇ ಗೋಡೆಗಳು ಕಾಣುತ್ತಿದ್ದವು. ಕೆಳಗಿನ ಹೊಲದಲ್ಲಿ, ಬೇವಿನ ಗಿಡದಿಂದ ಸಾಕಷ್ಟು ದೂರದಲ್ಲಿ, ಒಂದೇ ಒಂದು ಕಪ್ಪು ಮಚ್ಚೆ. ಹಳೇ ಕಾಲದಲ್ಲಿ ಕಾಳು ತುಂಬಿಡುತ್ತಿದ್ದ ಗುಂಡಿ, ಹಗೇವು ಇರಬಹುದು, ಮುಂದೆ ಒಪ್ಪಿದರೆ ಅಷ್ಟು ಮಾತ್ರ ಅಗೆದು ನೋಡುತ್ತೇವೆ ಎಂದರು. ಆದರೂ ಅವರಿಗೆ ಏನೋ ಅನುಮಾನ. ಇಲ್ಲಿ ಕರೆಂಟು ಬಹಳ ಸಲೀಸಾಗಿ ಹಾದಿದೆ, ಉಪ್ಪು ಬಿದ್ದ ನೆಲದಲ್ಲಿ ಹೀಗಾಗುತ್ತದೆ, ಉಪ್ಪಿನಂಥದ್ದೇನಾದರೂ ಯಾವಾಗಲಾದರೂ ಸುರಿದಿದ್ದಿರಾ ಎಂದು ಕೇಳಿದರು.

ಅತ್ತೆ ಆ ಕಪ್ಪು ಮಚ್ಚೆಯ ಮೇಲೆ ಬೆರಳಿಟ್ಟರು.

"ಚೀಲಗಟ್ಟಲೆ ಉಪ್ಪು ನಾನೇ ಹಾಕ್ಸಿದ್ನೆವ್ವಾ. ವಿಭೂತಿ, ಪತ್ರಿ, ಉಪ್ಪು. ಅವರನ್ನ ಕುಂದ್ರಿಸಿ ಮ್ಯಾಲೆ ಹಾಕ್ಸಿದ್ದೆ."

ಮಾವನನ್ನು ಮಣ್ಣು ಮಾಡಿದ ಜಾಗ ಅದೇ ಎಂದು ನಾನು ಮೇಡಂಗೆ ಮರಾಠಿಯಲ್ಲಿ ಹೇಳಿದೆ. ಮೇಡಂ ಲ್ಯಾಪ್‌ಟಾಪ್ ಮುಚ್ಚಿದರು. ಯಾರೂ ಕೇಳಲಿಲ್ಲ, ಅವರೇ ಬೂಟು ಬಿಚ್ಚಿ ಬದುವಿಗಿಟ್ಟು, ಟೇಪು ಹಿಡಿದು ಅಳೆದು, ಆ ಜಾಗದ ನಾಲ್ಕೂ ಮೂಲೆಗೆ ಗೂಟ ಹೊಡೆಸಿದರು. ಇದನ್ನು ಯಾರೂ ಮುಟ್ಟುವುದಿಲ್ಲ ಆಜಿ ಎಂದರು. ನಕ್ಷೆಯಲ್ಲಿ ಅಜ್ಜನ ಹೆಸರು ಬರೆಯುತ್ತೇನೆ, ಏನು ಹೆಸರು ಎಂದು ಕೇಳಿದರು.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಗಂಡನ ಹೆಸರನ್ನು ಅತ್ತೆ ಹೇಳುವವರಲ್ಲ, ಮಾವನ ಹೆಸರನ್ನು ನಾನು ಹೇಳುವವಳಲ್ಲ. ಕಡೆಗೆ ಯಜಮಾನರಿಗೇ ಫೋನು ಹಚ್ಚಿ, ಸ್ಪೀಕರ್ ಹಾಕಿ ಅತ್ತೆಯ ಕೈಗೆ ಕೊಟ್ಟೆ.

"ನಿಮ್ಮಪ್ಪನ ಹೆಸರು ಹೇಳಪಾ ಇವರಿಗೆ."

ಆ ಕಡೆಯಿಂದ, ಯಾಕವ್ವಾ, ಏನಾತು ಎಂಬ ಗಾಬರಿಯ ದನಿ.

"ಏನೂ ಆಗಿಲ್ಲ. ನಿಮ್ಮಪ್ಪ ಸಿಕ್ಕಾರ."

ಹಿಂದೆ ಮಶೀನಿನ ಸದ್ದು ಕೇಳುತ್ತಿತ್ತು. ಗುರಪ್ಪ ಎಂದರು ಯಜಮಾನರು, ಸಣ್ಣ ದನಿಯಲ್ಲಿ.

ಮೇಲಿನ ಹೊಲ ಅಗೆಯಲು ಅತ್ತೆ ತಾವಾಗಿಯೇ ಒಪ್ಪಿಗೆ ಕೊಟ್ಟರು. ಕೆಳಗಿನ ಹೊಲಕ್ಕೆ, ಗೂಟ ಹೊಡೆದ ಅಷ್ಟು ಜಾಗ ಬಿಟ್ಟು, ಈ ಸಲ ಕಡಲೆ ಹಾಕಿದ್ದೇವೆ. ದಿನಾ ಸಂಜೆ ಅತ್ತೆ ಅಲ್ಲಿ ಹೋಗಿ ಕೂತು ಮಾವನ ಜೊತೆ ಮಾತಾಡುತ್ತಾರೆ. ನನ್ನ ಮೇಲಿನ ದೂರೂ ಅದರಲ್ಲಿರುತ್ತದೆ, ಸಾರು ಸಪ್ಪಗಾಗಿತ್ತು ಅನ್ನುವುದು ಕೂಡ. ನಾನು ಕೇಳಿಸದವಳ ಹಾಗೆ ಸೊಪ್ಪು ಕೀಳುತ್ತಿರುತ್ತೇನೆ. ತಿರುಗಿ ಬರುವಾಗ ಅವರ ಮುಖ ಎಷ್ಟು ಹಗುರಾಗಿರುತ್ತದೆ ಎಂದರೆ, ಪುಣೆಯ ಆ ಮೇಡಂ ಎಲ್ಲಿದ್ದರೂ ತಣ್ಣಗಿರಲಿ ಎಂದು ಶಿವನಿಗೆ ಕೈ ಮುಗಿಯುತ್ತೇನೆ.